ಅರ್ಧ ಚುಕ್ಕಿ

ಯಾಕಮ್ಮ ಬಾಗಿಲು ತಟ್ಟಿದಳೆಂದರೆ ಪ್ರೊಫೆಸರಮ್ಮನ ಅರ್ಧ ದಿನ ಹೋಯಿತೆಂದೇ ಅರ್ಥ. ಲ್ಯಾಬಿಗೆ ಪಿಎಚ್‌ಡಿ ಮಾಡಲು ಸೇರಿದ ಮೊದಲ ವಾರವೇ ಆ ಹುಡುಗಿ 'ಯಾಕೆ ಮೇಡಂ? ಅದು ಯಾಕೆ ಹಾಗೆ?' ಎಂದು ಎಲ್ಲರ ತಲೆ ತಿಂದು ಈ ಹೆಸರು ಗಿಟ್ಟಿಸಿಕೊಂಡಿದ್ದಳು. ಪ್ರೊಫೆಸರಮ್ಮ ಮೇಲೆ ಮೇಲೆ ಗೊಣಗುತ್ತಿದ್ದಳೇ ಹೊರತು ಒಳಗೊಳಗೆ ಅವಳಿಗೆ ಈ ಹುಡುಗಿಯೆಂದರೆ ಪ್ರಾಣ. ಮೂವತ್ತು ವರ್ಷದ ಹಿಂದೆ ತಾನೂ ಹೀಗೇ ಇದ್ದೆ ಅಂತ ಅವಳ ಎಣಿಕೆ. ಇರಲಿಲ್ಲ, ಅದು ಬೇರೆ ಮಾತು.

ಆವತ್ತು ಬಂದವಳು ಕುರ್ಚಿ ಎಳೆದುಕೊಂಡು ಕೂತು, ಲ್ಯಾಪ್‌ಟಾಪ್ ತೆರೆದು, ಪೀಠಿಕೆಯಿಲ್ಲದೆ ಕೇಳಿದಳು.

"ಮೇಡಂ, ನೆಲಮಾಳಿಗೆ ಹೃದಯಗಳಲ್ಲಿ ಎರಡನೇ ಗೆರೆಗಾರ್ತಿ ಅಂತ ಇದಾರಲ್ಲ, ಅವರು ಯಾರು?"

ಪ್ರೊಫೆಸರಮ್ಮ ಬಾಯಿಗೆ ಒಯ್ಯುತ್ತಿದ್ದ ಚಹಾ ಲೋಟ ಅಲ್ಲೇ ನಿಂತಿತು. ಅಷ್ಟು ವರ್ಷದಲ್ಲಿ ಈ ಪ್ರಶ್ನೆಯನ್ನು ಒಬ್ಬರೂ ಕೇಳಿರಲಿಲ್ಲ.

'ನೆಲಮಾಳಿಗೆ ಹೃದಯಗಳು' ಅಂದರೆ ಆ ಕಸುಬಿನವರಿಗೆಲ್ಲ ಗೊತ್ತು. ನೂರ ಅರವತ್ತು ಮಂದಿಯ ಹೃದಯದ ಸ್ಕ್ಯಾನ್ ಚಿತ್ರಗಳು. ಒಂದೊಂದು ಹೃದಯಕ್ಕೂ ಒಂದು ಬಡಿತದೊಳಗಿನ ಇಪ್ಪತ್ತು ಗಳಿಗೆ, ಪ್ರತಿ ಗಳಿಗೆಗೂ ಮೇಲಿಂದ ಕೆಳಕ್ಕೆ ಹತ್ತು ಸೀಳು. ಪ್ರತಿ ಸೀಳಿನಲ್ಲೂ ಹೃದಯದ ಗೋಡೆ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅಂತ ಮನುಷ್ಯರು ಕೈಯಾರೆ ಎಳೆದ ಎರಡು ಗೆರೆ. ಆ ಗೆರೆಗಳನ್ನೆಲ್ಲ ಒಟ್ಟಿಗೆ ಹೊಲಿದರೆ ಕಂಪ್ಯೂಟರಿನೊಳಗೆ ಒಂದು ಲೆಕ್ಕದ ಹೃದಯ ಎದ್ದು ನಿಲ್ಲುತ್ತದೆ. ಅದು ಎಷ್ಟು ಬಲವಾಗಿ ಹಿಂಡುತ್ತದೆ, ಯಾವ ಮೂಲೆಯಲ್ಲಿ ಸೋತಿದೆ ಅಂತ ಅಳೆಯಬಹುದು. ಯಾವ ದೇಶದಲ್ಲಿ ಯಾರೇ ಹೊಸ ಪ್ರೋಗ್ರಾಂ ಬರೆಯಲಿ, ಮೊದಲು ಈ ನೂರ ಅರವತ್ತರ ಮುಂದೆ ಕೈಕಟ್ಟಿ ನಿಂತು ಪರೀಕ್ಷೆ ಕೊಡಬೇಕು. ಕೈಯಿಂದ ಎಳೆದ ಗೆರೆಗೆ ಅಲ್ಲಿ 'ಗ್ರೌಂಡ್ ಟ್ರೂತ್' ಅಂತಾರೆ, ನೆಲದ ಸತ್ಯ. ಯಂತ್ರ ಏನೇ ಬಡಬಡಿಸಲಿ, ನೆಲದ ಸತ್ಯ ಹೇಳಿದ್ದೇ ಕೊನೆಯ ಮಾತು. ಪ್ರೊಫೆಸರಮ್ಮನ ಹೆಸರು, ಪದವಿ, ಗೋಡೆಯ ಮೇಲಿನ ಫಲಕ ಎಲ್ಲವೂ ಇದರ ಮೇಲೇ ನಿಂತಿದ್ದವು.

"ಅವರ ಗೆರೆ ನಾವು ಬಳಸ್ಲೇ ಇಲ್ಲ. ಪೇಪರಲ್ಲಿ ಬರೆದಿದೆಯಲ್ಲ," ಅಂದಳು.

"ಓದಿದೆ. 'ಎರಡನೇ ಗೆರೆಗಾರ್ತಿಯ ದೃಷ್ಟಿ ಕುಂದಿರುವ ಕಾರಣ ಆಕೆಯ ಗೆರೆಗಳನ್ನು ಕೈಬಿಡಲಾಗಿದೆ.' ಅದಕ್ಕೇ ನಾನು ಅವನ್ನ ಹಳೇ ಡಿಸ್ಕಿಂದ ಹೆಕ್ಕಿ ತೆಗೆದೆ. ಮನುಷ್ಯರು ಹೇಗೆಲ್ಲ ತಪ್ತಾರೆ ಅಂತ ಯಂತ್ರಕ್ಕೆ ಕಲಿಸೋಣ ಅಂತ. ಆದ್ರೆ ಇವರು ಮನುಷ್ಯರ ಥರ ತಪ್ಪಿಯೇ ಇಲ್ಲ ಮೇಡಂ."

"ಅಂದ್ರೆ?"

"ನಾಳೆ ಹೇಳ್ತೀನಿ, ಇನ್ನೊಂದ್ಸಲ ನೋಡ್ಬೇಕು. ಅವರು ಯಾರು ಹೇಳಿ."

"ಗೆರೆಯಕ್ಕ," ಅಂದಳು ಪ್ರೊಫೆಸರಮ್ಮ. ಎಷ್ಟೋ ಕಾಲದ ಮೇಲೆ ಆಡಿದ ಹೆಸರು. ಹುಡುಗಿ ಎದ್ದು ಹೋದ ಮೇಲೂ ಚಹಾ ಮುಟ್ಟದೆ ಹಾಗೇ ಕೂತಳು.

ಅಯ್ಯೋ, ಆ ನೆಲಮಾಳಿಗೆ! ಆಸ್ಪತ್ರೆಯ ಕೆಳಗೆ, ಸ್ಕ್ಯಾನ್ ಯಂತ್ರದ ಪಕ್ಕದ ಕೋಣೆ. ಕಿಟಕಿಯೆಂಬುದಿಲ್ಲ. ಕಂಪ್ಯೂಟರುಗಳು ತಣ್ಣಗಿರಲೆಂದು ಬೀಸುವ ಗಾಳಿಗೆ ಮನುಷ್ಯರು ಮರಗಟ್ಟುತ್ತಿದ್ದರು. ಗೋಡೆಯಾಚೆ ಯಂತ್ರ ಧಡಧಡ ಬಡಿದುಕೊಳ್ಳುವುದು, ಈಚೆ ಮೂರು ಮೇಜು, ಮೂರು ದಪ್ಪ ಪರದೆ, ಪರದೆಯ ಮುಂದೆ ಮೂವರು. ಒಬ್ಬರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಒಬ್ಬಳು ಪಾಳಿ ಮುಗಿಸಿ ಬರುವ ನರ್ಸಮ್ಮ, ನಡುವೆ ಗೆರೆಯಕ್ಕ. ಆಗ ಅವಳಿಗೆ ನಲವತ್ತನಾಲ್ಕು. ಮೊದಲು ನಕ್ಷೆ ಕಚೇರಿಯಲ್ಲಿ ಹೊಳೆ, ಗುಡ್ಡ, ರಸ್ತೆಗಳ ಗೆರೆ ಎಳೆಯುತ್ತಿದ್ದವಳು. ಕಚೇರಿ ಮುಚ್ಚಿದ ಮೇಲೆ ಹೃದಯಕ್ಕೆ ಬಂದೆ ಅಂತ ನಗುತ್ತಿದ್ದಳು. ಈ ಮೂವರಿಗೆ ಗೆರೆ ಎಳೆಯುವ ಪ್ರೋಗ್ರಾಂ ಬರೆದುಕೊಟ್ಟವಳು, ಆಗಿನ್ನೂ ಪ್ರೊಫೆಸರಮ್ಮನಾಗಿರದ ಇಪ್ಪತ್ತೇಳರ ಹುಡುಗಿ. ತಲೆ ತುಂಬ ಗಣಿತ, ಮೂಗಿನ ತುದಿಯಲ್ಲೇ ಸಿಟ್ಟು. ಗೆರೆಯಕ್ಕ ಅವಳನ್ನು ಮರಿ ಡಾಕ್ಟ್ರು ಅಂತ ಕರೆಯುತ್ತಿದ್ದಳು.

ಗೆರೆಯಕ್ಕನಿಗೆ ಒಂದೊಂದು ಹೃದಯವೂ ಒಬ್ಬ ಮನುಷ್ಯ. ರೋಗಿಗಳ ಹೆಸರು ತೆಗೆದು ಬರೀ ಸಂಖ್ಯೆ ಕೊಟ್ಟಿರುತ್ತಿದ್ದರು, ಅವಳು ಸುಮ್ಮನಿರಬೇಕಲ್ಲ! ಮೂವತ್ತೊಂದನೆಯವನು ಜಿಪುಣ, ಹಿಡಿದ ರಕ್ತ ಬಿಡುವುದೇ ಇಲ್ಲ. ಎಪ್ಪತ್ತು ಸೋಮಾರಿ. ನೂರ ಎರಡು ಮೂಗು ಮುರಿಯುವ ಅತ್ತೆ, ಎಡಗಡೆಯ ಗೋಡೆ ಸದಾ ಊದಿಕೊಂಡಿರುತ್ತದೆ. "ಇವತ್ತು ಅತ್ತೆ ಮನೆಗೆ ಹೋಗ್ಬೇಕಪ್ಪ" ಅಂತ ನಿಟ್ಟುಸಿರಿಟ್ಟು ಕೂತಳೆಂದರೆ ಮೇಷ್ಟ್ರು ಮುಸಿಮುಸಿ ನಗುವರು.

ಆದರೆ ಕೈ ಇಟ್ಟಳೋ, ಆಗ ನೋಡಬೇಕು. ಮಾತೆಲ್ಲ ಬಂದ್. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅನ್ನುತ್ತಾರಲ್ಲ, ಹಾಗೆ. ಮರಿ ಡಾಕ್ಟ್ರು ಒಮ್ಮೆ ತಾನೂ ಎಳೆಯುತ್ತೇನೆ ಅಂತ ಕೂತು, ಗೆರೆಯೆಲ್ಲ ಹಲ್ಲುಹಲ್ಲಾಗಿ ಬಂದು, ಮುಖ ಸಪ್ಪಗೆ ಮಾಡಿಕೊಂಡಳು.

"ಕೈಯಿಂದ ಎಳೀತಿದೀಯ ಕಣೇ. ಉಸಿರಿಂದ ಎಳಿ," ಅಂದಳು ಗೆರೆಯಕ್ಕ, ಹಿಂದೆ ನಿಂತು, ಅವಳ ಮಣಿಕಟ್ಟಿಗೆ ತನ್ನ ಬೆಚ್ಚಗಿನ ಅಂಗೈ ಕೊಟ್ಟು. "ಉಸಿರು ಬಿಡ್ತಾ ಹೋಗು. ಉಸಿರು ನಿಂತಾಗ ನಿಲ್ಲು. ಅವಸರ ಏನು, ಹೃದಯ ಏನು ಓಡ್ಹೋಗತ್ತಾ?"

ಒಂದು ಮಧ್ಯಾಹ್ನ ಆ ಗೆರೆಗಳನ್ನೆಲ್ಲ ಸೇರಿಸಿ ಕಟ್ಟಿದ ಲೆಕ್ಕದ ಹೃದಯ ಪರದೆಯ ಮೇಲೆ ಮೊದಲ ಸಲ ಹಿಂಡಿಕೊಂಡು ಬಿಟ್ಟಿತು. ಮತ್ತೆ ಹಿಂಡಿತು. ಗೆರೆಯಕ್ಕ ಕುರ್ಚಿ ಹಿಂದಕ್ಕೆ ಬೀಳಿಸಿ ಎದ್ದಳು. "ಬಡ್ಕೊಳ್ತಿದೆ ಕಣೇ! ಅಯ್ಯಯ್ಯೋ, ಜಿಪುಣ ಬಡ್ಕೊಳ್ತಿದಾನೆ!" ಅಂತ ಕೂಗಿ, ನಗುತ್ತ ನಗುತ್ತ ಅತ್ತೇಬಿಟ್ಟಳು. ಮೇಷ್ಟ್ರು ಚಪ್ಪಾಳೆ ತಟ್ಟಿದರು. ನರ್ಸಮ್ಮ ಫ್ಲಾಸ್ಕಿನ ಮುಚ್ಚಳದಲ್ಲೇ ಎಲ್ಲರಿಗೂ ಚಹಾ ಹಂಚಿದಳು. ತನ್ನ ಬದುಕಿನ ಅತಿ ಸಂತೋಷದ ದಿನ ಯಾವುದು ಅಂದರೆ ಪ್ರೊಫೆಸರಮ್ಮನಿಗೆ ಇವತ್ತಿಗೂ ನೆನಪಾಗುವುದು ಅದೇ ಮಧ್ಯಾಹ್ನ. ಗಂಡನಿಗೆ ಈ ವಿಷಯ ಹೇಳಿಲ್ಲ, ಪಾಪ, ಅವನು ಮದುವೆಯ ದಿನ ಅಂದುಕೊಂಡಿದ್ದಾನೆ.

ಅದಾದ ಎರಡು ತಿಂಗಳಿಗೆ ಗೆರೆಯಕ್ಕ ಅವಳನ್ನು ಮೇಜಿನ ಹತ್ತಿರ ಕರೆದಳು.

"ಮರಿ ಡಾಕ್ಟ್ರೇ, ಬಾ ಇಲ್ಲಿ. ನಾನು ಎಳೆದ ಗೆರೆ ಎಳೆದ ಜಾಗದಲ್ಲಿಲ್ಲ."

"ಮತ್ತೆಲ್ಲಿದೆ?"

"ಒಂಚೂರು ಮೇಲಕ್ಕೆ, ಒಂಚೂರು ಎಡಕ್ಕೆ. ಸರ್ಕೊಂಡಿದೆ."

"ಗೆರೆಗೇನು ಕಾಲು ಬಂತಾ ಅಕ್ಕ?"

"ಕಾಲು ಬಂತೋ ರೆಕ್ಕೆ ಬಂತೋ ನೀನು ನೋಡು. ಪ್ರೋಗ್ರಾಮು ನಿಂದು."

ಈ ಕೊನೆಯ ಮಾತು ಹುಡುಗಿಗೆ ಚುರ್ ಅಂತ ತಾಗಿತು. ಎಂಟು ತಿಂಗಳು ಕೂತು ಬರೆದ ಪ್ರೋಗ್ರಾಂ, ಅದಕ್ಕೆ ಕೊಂಕು ತೆಗೆಯುವುದೇ? ಕೋಣೆಗೆಲ್ಲ ಕೇಳುವ ಹಾಗೆ ನಗುತ್ತ ಅಂದಳು: "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ!" ಮೇಷ್ಟ್ರು ಗಹಗಹಿಸಿದರು. ನರ್ಸಮ್ಮನೂ ನಕ್ಕಳು. ಗೆರೆಯಕ್ಕನೂ ನಕ್ಕಳು, ಆದರೆ ಎಲ್ಲರಿಗಿಂತ ಸ್ವಲ್ಪ ತಡವಾಗಿ.

ಮುಂದಿನ ತಿಂಗಳು ಮೂವರ ಗೆರೆಗಳನ್ನೂ ಹೋಲಿಸಿ ನೋಡುವ ಕೆಲಸ ಬಂತು. ಮೇಷ್ಟ್ರ ಗೆರೆ, ನರ್ಸಮ್ಮನ ಗೆರೆ ಹೆಚ್ಚುಕಡಿಮೆ ಒಂದೇ ಕಡೆ ಬೀಳುತ್ತಿದ್ದವು. ಗೆರೆಯಕ್ಕನದ್ದು ದೂರ, ಕೆಲವು ಕಡೆ ಎರಡು ಮೂರು ಮಿಲಿಮೀಟರ್ ದೂರ. ಗ್ರಾಫ್ ಹಾಕಿ ತೋರಿಸಿದವಳು ಮರಿ ಡಾಕ್ಟ್ರೇ. ಲ್ಯಾಬಿನ ಮುಖ್ಯಸ್ಥ ದೊಡ್ಡ ಸಾರ್ ಒಳ್ಳೆಯ ಮನುಷ್ಯ, ಆದರೆ ಅಂಕಿ ಕಂಡರೆ ಸಾಕು, ಎತ್ತು ಈಯಿತು ಅಂದರೂ ಕೊಟ್ಟಿಗೆಗೆ ಕಟ್ಟು ಅನ್ನುವಂಥವರು. ಗೆರೆಯಕ್ಕನನ್ನು ಕರೆದು, "ಒಂದ್ಸಲ ಎಳೆದ ಮೇಲೆ ಆ ಗೆರೆ ಮುಟ್ಟಬೇಡಮ್ಮ, ನೀನು ತಿದ್ದೋಕೆ ಹೋಗಿ ಕೆಡಿಸ್ತಿದೀಯ" ಅಂದರು. ಅಂದಿನಿಂದ ಅವಳು ತಿದ್ದಲಿಲ್ಲ. ಬರೀ ತೆರೆದು ನೋಡಿ ಮುಚ್ಚುತ್ತಿದ್ದಳು. ಬೆಳಿಗ್ಗೆ ಒಂದು ಸಲ, ಊಟವಾದ ಮೇಲೆ ಒಂದು ಸಲ, ಮನೆಗೆ ಹೊರಡುವಾಗ ಒಂದು ಸಲ. ಭಯ ಹೊಕ್ಕಿತ್ತು ಪಾಪ. ಮತ್ತೊಂದು ತಿಂಗಳಿಗೆ ಗ್ರಾಫ್ ಇನ್ನೂ ಕೆಟ್ಟಿತ್ತು.

"ಕಣ್ಣು ಹೋಗಿದೆ ಇವರಿಗೆ," ಅಂದರು ದೊಡ್ಡ ಸಾರ್. ಕಣ್ಣಿನ ಡಾಕ್ಟರ ಹತ್ತಿರ ಕಳಿಸುವ ಗೋಜಿಗೂ ಯಾರೂ ಹೋಗಲಿಲ್ಲ, ಗ್ರಾಫ್ ಇತ್ತಲ್ಲ. ಗೆರೆಯಕ್ಕನನ್ನು ಮೇಲಿನ ಮಹಡಿಯ ದಾಖಲೆ ಕೋಣೆಗೆ ಹಾಕಿದರು, ಫೈಲು ಕೊಡುವ ಕಿಟಕಿಗೆ. ಹೋಗುವ ದಿನ ಅವಳು ಮರಿ ಡಾಕ್ಟ್ರ ಹತ್ತಿರ ಬಂದು, "ನನ್ನ ಕಣ್ಣೇ ನಂಗೆ ಮೋಸ ಮಾಡ್ತು ಕಣೇ. ಸುಮ್ನೆ ನಿನ್ನ ಪ್ರೋಗ್ರಾಮನ್ನ ಬೈದೆ. ಬೇಜಾರು ಮಾಡ್ಕೋಬೇಡ," ಅಂದಳು. ಹುಡುಗಿ ದೊಡ್ಡ ಮನಸ್ಸು ಮಾಡಿ ಕ್ಷಮಿಸಿಯೂಬಿಟ್ಟಳು. ಆಮೇಲೆ ಅವಳ ಪ್ರಬಂಧ, ಅವಳ ಡಾಕ್ಟರೇಟು, ಹೊರಗಿನ ಹತ್ತು ವರ್ಷ, ಮದುವೆ, ಮಗ. ಅದೇ ಸಂಸ್ಥೆಗೆ ಪ್ರೊಫೆಸರಾಗಿ ವಾಪಸು ಬರುವಷ್ಟರಲ್ಲಿ ಗೆರೆಯಕ್ಕ ನಿವೃತ್ತಳಾಗಿದ್ದಳು. ಒಂದು ಸಲ ಹೋಗಿ ನೋಡಬೇಕು ಅಂತ ಅನ್ನಿಸುತ್ತಿತ್ತು. ಅನ್ನಿಸುತ್ತಲೇ ಇತ್ತು.

ಮಾರನೇ ದಿನ ಯಾಕಮ್ಮ ಬಂದಾಗ ಮುಖದಲ್ಲಿ ಎಂದಿನ ಉತ್ಸಾಹವಿರಲಿಲ್ಲ.

"ಮೇಡಂ, ಮನುಷ್ಯರ ಕೈ ತಪ್ಪಿದ್ರೆ ಒಂದ್ಸಲ ಆಕಡೆ ತಪ್ಪತ್ತೆ, ಒಂದ್ಸಲ ಈಕಡೆ. ಇವರದ್ದು ಯಾವಾಗ್ಲೂ ಮೇಲಕ್ಕೆ, ಎಡಕ್ಕೆ. ಅದೂ ಅಳೆದ ಹಾಗೆ. ಅರ್ಧ ಚುಕ್ಕಿ, ಒಂದು ಚುಕ್ಕಿ, ಒಂದೂವರೆ, ಎರಡು. ಮುಕ್ಕಾಲು ಅನ್ನೋದೇ ಇಲ್ಲ. ಯಾಕೆ?"

ಚುಕ್ಕಿ ಅಂದರೆ ಚಿತ್ರದ ಅತಿ ಸಣ್ಣ ಚೌಕ; ಅಂಥ ಸಾವಿರಾರು ಚೌಕ ಸೇರಿಯೇ ಚಿತ್ರ. ಪ್ರೊಫೆಸರಮ್ಮನಿಗೆ ಅಷ್ಟು ವರ್ಷದ ಅನುಭವ, ಉತ್ತರ ಬರುವ ಮೊದಲೇ ಅದರ ಕಾಲಸಪ್ಪಳ ಕೇಳಿಸುತ್ತಿತ್ತು.

"ಫೈಲ್ ಕೊನೇಲಿ, ಅದನ್ನ ಯಾವಾಗ್ಯಾವಾಗ ಉಳಿಸಿದ್ರು ಅಂತ ತಾರೀಕು ಇದೆ. ಕೊನೇ ಸಲ ತಿದ್ದಿದ ಮೇಲೆ ಎಷ್ಟು ಸಲ ಉಳಿಸಿದಾರೋ ಅಷ್ಟು ಅರ್ಧ ಚುಕ್ಕಿ ಸರಿದಿದೆ. ಒಂದೇ ಒಂದು ಕಡೆ ಕೂಡ ತಪ್ಪಿಲ್ಲ. ಆಮೇಲೆ ನಾನು ಹಳೇ ಪ್ರೋಗ್ರಾಂ ತೆರೆದು ಓದಿದೆ." ಹುಡುಗಿ ತಲೆ ತಗ್ಗಿಸಿದಳು. "ತೋರ್ಸೋ ಭಾಗ ಚುಕ್ಕಿಯ ನಡುವಿಂದ ಎಣಿಸತ್ತೆ. ಬರೆದಿಡೋ ಭಾಗ ಚುಕ್ಕಿಯ ಮೂಲೆಯಿಂದ ಎಣಿಸತ್ತೆ."

ಇದು ಈ ಕಸುಬಿನವರು ಮಾತ್ರ ಮಾಡಬಲ್ಲ ತಪ್ಪು. ಮನೆಯ ವಿಳಾಸ ಅಂದರೆ ಗೇಟೋ ನಡುಮನೆಯೋ ಅಂತ ಇಬ್ಬರು ಬೇರೆಬೇರೆ ತಿಳಿದುಕೊಂಡ ಹಾಗೆ. ಒಂದು ಸಲ ಉಳಿಸಿದರೆ ಗೆರೆ ಅರ್ಧ ಚುಕ್ಕಿ ಸರಿಯುತ್ತದೆ, ಕಣ್ಣಿಗೆ ಬೀಳುವುದೇ ಇಲ್ಲ. ಮತ್ತೆ ತೆರೆದು ಮುಚ್ಚಿದರೆ ಇನ್ನರ್ಧ. ಯಾರ ಕೆಲಸವೂ ಕಳೆದುಹೋಗದಿರಲಿ ಅಂತ, ಮುಚ್ಚಿದೊಡನೆ ತಾನಾಗಿಯೇ ಉಳಿಸುವ ಹಾಗೆ ಮಾಡಿದ್ದವಳೂ ಮರಿ ಡಾಕ್ಟ್ರೇ; ಅದಕ್ಕೆ ಆಗ ಬೆನ್ನು ತಟ್ಟಿಸಿಕೊಂಡಿದ್ದಳು ಬೇರೆ. ಮೇಷ್ಟ್ರು, ನರ್ಸಮ್ಮ ಒಂದು ಸಲ ಎಳೆದು ಮುಚ್ಚಿದರೆ ಮತ್ತೆ ತಿರುಗಿ ನೋಡಿದವರಲ್ಲ. ಇಬ್ಬರದ್ದೂ ಅರ್ಧ ಚುಕ್ಕಿ ಸರಿದಿತ್ತು, ಹಾಗಾಗಿ ಒಬ್ಬರಿಗೊಬ್ಬರು ಸರಿಹೋದರು. ಮೂರು ಮೂರು ಸಲ ತೆರೆದು ನೋಡಿದವಳು ಗೆರೆಯಕ್ಕ ಒಬ್ಬಳೇ.

"ಎಲ್ಲಾನೂ ವಾಪಸ್ ಜಾಗಕ್ಕೆ ಕೂರಿಸಿದ್ರೆ?" ಅಂದಳು ಪ್ರೊಫೆಸರಮ್ಮ.

"ಕೂರಿಸಿದೆ. ಒಂದೇ ಚಿತ್ರಾನ ತಿಂಗಳು ಬಿಟ್ಟು ಹೇಳ್ದೆ ಕೇಳ್ದೆ ಮತ್ತೆ ಎಳೆಯೋಕೆ ಕೊಡ್ತಿದ್ರಲ್ಲ ನೀವು? ಅವರ ಎರಡು ಗೆರೆ ಒಂದರ ಮೇಲೊಂದು ಕೂತ್ಕೊಳ್ತವೆ ಮೇಡಂ. ಉಳಿದಿಬ್ಬರು ಹತ್ರಾನೂ ಬರಲ್ಲ. ಇಷ್ಟು ಒಳ್ಳೇ ಕೈ ನಾನು ಯಾವ ಸಂಗ್ರಹದಲ್ಲೂ ನೋಡಿಲ್ಲ." ತುಸು ತಡೆದು ಅಂದಳು: "ಇದನ್ನ ಮೊದಲು ಅವರಿಗೆ ಹೇಳ್ಬೇಕಲ್ವಾ? ಇದಾರಾ ಅವರು?"

ನೆಲವೇ ಡೊಂಕಿತ್ತು. ನೆಲ ಹಾಸಿದವಳೇ ಕುಣಿಯುವವಳನ್ನು ನೋಡಿ ನಕ್ಕಿದ್ದಳು. ಪ್ರೊಫೆಸರಮ್ಮನಿಗೆ ನಾಚಿಕೆಯಿಂದ ಕಿವಿ ಕಾದವು, ಐವತ್ತೇಳರ ಹೆಂಗಸು ವಿದ್ಯಾರ್ಥಿನಿಯ ಮುಂದೆ ಕನ್ನಡಕ ತೆಗೆದು ಅತ್ತಳು.

ದಾಖಲೆ ಕೋಣೆಯವರು ಪಿಂಚಣಿ ಪುಸ್ತಕ ನೋಡಿ ವಿಳಾಸ ಕೊಟ್ಟರು. ಒಂದೇ ಊರು! ಬಸ್ಸಿನಲ್ಲಿ ನಲವತ್ತು ನಿಮಿಷ. ಭಾನುವಾರ ಬೆಳಿಗ್ಗೆ ಪ್ರೊಫೆಸರಮ್ಮ ಎರಡು ಕಾಗದ ಬ್ಯಾಗಿಗೆ ಹಾಕಿಕೊಂಡು ಹೊರಟಳು. ಒಂದು, ಗೆರೆಯಕ್ಕನ ಗೆರೆಯನ್ನು ಸರಿಯಾದ ಜಾಗಕ್ಕೆ ಕೂರಿಸಿ ದೊಡ್ಡದಾಗಿ ಅಚ್ಚು ಹಾಕಿಸಿದ ಚಿತ್ರ. ಇನ್ನೊಂದು, ಆ ಪೇಪರ್ ಅಚ್ಚಾದ ಸಂಶೋಧನಾ ಪತ್ರಿಕೆಗೆ ಕಳಿಸಬೇಕಾದ ತಿದ್ದುಪಡಿಯ ಕರಡು. ದಾರಿಯುದ್ದಕ್ಕೂ ಮಾತು ಕೂಡಿಸಿದ್ದೇ ಕೂಡಿಸಿದ್ದು. ಬಸ್ಸಿಳಿದಾಗ ಒಂದೂ ನೆನಪಿರಲಿಲ್ಲ.

ಮೂರನೇ ಮಹಡಿಯ ಮನೆ. ಬಾಗಿಲು ತೆರೆದವಳು ಗೆರೆಯಕ್ಕನ ತಂಗಿಯ ಮಗಳು, ನಲವತ್ತೈದರ ಆಸುಪಾಸು, ಕೈಯಲ್ಲಿ ಒಗೆದ ಬಟ್ಟೆಯ ಬುಟ್ಟಿ. "ಆಸ್ಪತ್ರೆ ಲ್ಯಾಬಿಂದ ಬಂದಿದೀನಿ, ಹಳೇ ಪರಿಚಯ" ಅನ್ನುತ್ತಿದ್ದ ಹಾಗೇ ಒಳಗಿನಿಂದ ಧ್ವನಿ ಬಂತು.

"ಯಾರದು? ಮರಿ ಡಾಕ್ಟ್ರಾ? ಏ, ಮರಿ ಡಾಕ್ಟ್ರೇ ಅಲ್ವೇನೇ?"

ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿದ್ದಳು. ಕೂದಲೆಲ್ಲ ಹತ್ತಿ, ಮೈ ಅರ್ಧ ಇಳಿದಿತ್ತು, ನಗು ಮಾತ್ರ ಅದೇ. ಎರಡೂ ಕೈ ಚಾಚಿ ಪ್ರೊಫೆಸರಮ್ಮನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. "ಎಷ್ಟು ದಪ್ಪ ಆಗಿದೀಯೇ! ಕೈಯೇ ಹೇಳತ್ತೆ. ಪ್ರೊಫೆಸರ್ ಆದ್ಯಂತೆ, ಕೇಳ್ದೆ. ಎಲ್ಲಾರ ಹತ್ರಾನೂ ಹೇಳ್ಕೊಂಡೆ, ನಮ್ಮ ಹುಡುಗಿ ಅಂತ. ಆ ಜಿಪುಣ ಹೇಗಿದಾನೆ? ಈಗ್ಲೂ ಬಡ್ಕೊಳ್ತಾನಾ?"

"ದಿನಾ ಬಡ್ಕೊಳ್ತಾನೆ ಅಕ್ಕ. ಲೋಕದಲ್ಲೆಲ್ಲ ಬಡ್ಕೊಳ್ತಾನೆ."

"ಅತ್ತೆ?"

"ಅತ್ತೇನೂ ಇದಾಳೆ."

ಇಬ್ಬರೂ ನಕ್ಕರು. ಒಂದು ಗಂಟೆ ಹೋಗಿದ್ದೇ ಗೊತ್ತಾಗಲಿಲ್ಲ. ಮೇಷ್ಟ್ರು ಮಂಪರಿನಲ್ಲಿ ಪೆನ್ನಿನ ಬದಲು ಚಮಚದಿಂದ ಗೆರೆ ಎಳೆಯಲು ಹೋಗಿದ್ದು, ನರ್ಸಮ್ಮ ಚಳಿಗೆ ಕಾಲುಚೀಲದ ತುದಿ ಕತ್ತರಿಸಿ ಕೈಗೆ ಹಾಕಿಕೊಂಡಿದ್ದು, ದೊಡ್ಡ ಸಾರ್ ಮೆಟ್ಟಿಲಲ್ಲಿ ಕೆಮ್ಮಿದ ಕೂಡಲೇ ನಾಲ್ವರೂ ಪರದೆಗೆ ಮುಖ ಕೊಟ್ಟು ಕೂರುತ್ತಿದ್ದದ್ದು. ಆ ಕೋಣೆಯನ್ನು ಇಷ್ಟು ಪ್ರೀತಿಸಿದವರು ಈ ಭೂಮಿಯ ಮೇಲೆ ಇನ್ನಿಬ್ಬರಿರಲಿಲ್ಲ. ಬಂದ ಕೆಲಸ ಹೇಳದೆ ಹೀಗೇ ಎದ್ದುಹೋದರೆ ಆದೀತಲ್ಲ ಅಂತ ಪ್ರೊಫೆಸರಮ್ಮನಿಗೆ ಒಂದು ಕ್ಷಣ ಆಸೆಯಾಯಿತು. ಬೇಗ ಬೇಗ ಬ್ಯಾಗಿನಿಂದ ಚಿತ್ರ ತೆಗೆದು ಅವಳ ಕೈಗಿತ್ತಳು.

ಗೆರೆಯಕ್ಕ ಕಾಗದವನ್ನು ಹಿಡಿದು, ಅಂಚು ಸವರಿ, ಮಡಿಲಲ್ಲಿಟ್ಟುಕೊಂಡಳು. "ಏನಿದೆ ಇದ್ರಲ್ಲಿ? ನೀನೇ ಹೇಳು ಕಣೇ. ನಂಗೀಗ ಬೆಳಕು, ನೆರಳು, ಅಷ್ಟೇ."

ಪ್ರೊಫೆಸರಮ್ಮ ಆಗ ಆ ಮುಖವನ್ನು ಸರಿಯಾಗಿ ನೋಡಿದಳು. ಇಷ್ಟು ಹೊತ್ತೂ ಅದು ತನ್ನ ಧ್ವನಿಯ ಕಡೆ ತಿರುಗಿತ್ತೇ ಹೊರತು ತನ್ನ ಕಡೆಗಲ್ಲ.

ಹೇಳಿದಳು. ಒಂದನ್ನೂ ಬಿಡಲಿಲ್ಲ. ಮೂಲೆ, ನಡು, ಅರ್ಧ ಚುಕ್ಕಿ, ಮುಚ್ಚಿದಾಗಲೆಲ್ಲ ಸರಿಯುತ್ತಿದ್ದ ಗೆರೆ. "ನೀವು ಹೇಳಿದ್ದೇ ನಿಜ ಅಕ್ಕ. ಗೆರೆ ಸರೀತಿತ್ತು. ನೀವು ಜಾಸ್ತಿ ಸಲ ನೋಡಿದ್ರಿ ಅನ್ನೋದಕ್ಕೇ ನಿಮ್ಮದು ಜಾಸ್ತಿ ಸರೀತು. ತಪ್ಪು ನನ್ನ ಪ್ರೋಗ್ರಾಮಿಂದು."

ಗೆರೆಯಕ್ಕ ಮಡಿಲಿನ ಕಾಗದದ ಅಂಚನ್ನು ಮತ್ತೊಮ್ಮೆ ಸವರಿದಳು. ಆಮೇಲೆ ಕೇಳಿದಳು:

"ಹಾಗಾದ್ರೆ ಆವಾಗ ನನ್ನ ಕಣ್ಣು ಚೆನ್ನಾಗಿತ್ತಾ?"

"ನಮ್ಮೆಲ್ಲರಿಗಿಂತ ಚೆನ್ನಾಗಿತ್ತು."

ಬಟ್ಟೆ ಮಡಿಸುತ್ತಿದ್ದ ತಂಗಿಯ ಮಗಳು ಕೈ ನಿಲ್ಲಿಸಿದಳು. "'ನನ್ನ ಕಣ್ಣು ಹೋಗಿದೆ' ಅಂತ ದೊಡ್ಡಮ್ಮ ಹೇಳೋದನ್ನ ಚಿಕ್ಕ ವಯಸ್ಸಿಂದ ಕೇಳ್ತಿದೀನಿ ನಾನು," ಅಂದಳು. "ಹತ್ತು ವರ್ಷದ ಹಿಂದೆ ದೊಡ್ಡಮ್ಮಂಗೆ ಪಕ್ಕದ್ದು ಕಾಣ್ತಿರ್ಲಿಲ್ಲ. ಬಾಗಿಲಿಗೆ ಡಿಕ್ಕಿ ಹೊಡೀತಿದ್ರು. ಡಾಕ್ಟರ ಹತ್ರ ಹೋಗೋಣ ಬನ್ನಿ ಅಂದ್ರೆ, ಇದು ಹಳೇದು ಕಣೇ, ಲ್ಯಾಬಲ್ಲೇ ಗ್ರಾಫ್ ಹಾಕಿ ತೋರಿಸಿದಾರೆ, ಹೋಗಿರೋ ಕಣ್ಣಿಗೆ ಯಾವ ಔಷಧಿ ಅಂತಿದ್ರು. ನಾನು ಬಲವಂತ ಮಾಡಿ ಕರ್ಕೊಂಡು ಹೋಗೋ ಹೊತ್ತಿಗೆ ಆರು ವರ್ಷ ಆಗಿತ್ತು. ಒಳಗಿನ ಒತ್ತಡ, ಗ್ಲುಕೋಮಾ. ಮೊದ್ಲೇ ಬಂದಿದ್ರೆ ದಿನಾ ಎರಡು ಹನಿ ಔಷಧಿ ಹಾಕಿದ್ರೆ ಸಾಕಿತ್ತು, ಯಾಕ್ರೀ ಬರ್ಲಿಲ್ಲ ಅಂತ ಡಾಕ್ಟರು ನನ್ನನ್ನ ಬೈದ್ರು. ನನ್ನನ್ನ!"

ಅರ್ಧ ಚುಕ್ಕಿ ಎಲ್ಲಿಗೆ ಬಂದು ನಿಂತಿದೆ ಅಂತ ಪ್ರೊಫೆಸರಮ್ಮನಿಗೆ ಆಗಲೇ ಗೊತ್ತಾದದ್ದು. "ಅಕ್ಕ," ಅಂದಳು.

"ಸುಮ್ನಿರು," ಅಂದಳು ಗೆರೆಯಕ್ಕ. ಮಡಿಲಿನ ಕಾಗದದ ಮೇಲೆ ಎರಡೂ ಅಂಗೈ ಒತ್ತಿಟ್ಟುಕೊಂಡಿದ್ದಳು. "ಆ ಪೇಪರಲ್ಲಿ ನನ್ನ ಕಣ್ಣಿನ ಬಗ್ಗೆ ಒಂದು ಸಾಲು ಹಾಕಿದ್ರಿ. ದಾಖಲೆ ಕೋಣೇಲಿ ಯಾರೋ ಓದಿ ಹೇಳಿದ್ರು ನಂಗೆ. ಯಾರು ಬರೆದಿದ್ದು ಅದನ್ನ? ದೊಡ್ಡ ಸಾರಾ?"

ದೊಡ್ಡ ಸಾರ್ ತೀರಿಕೊಂಡು ಹನ್ನೆರಡು ವರ್ಷವಾಗಿತ್ತು. ಹೌದು ಅಂದರೆ ಮುಗಿಯುತ್ತಿತ್ತು; ಬಂದು ಇಲ್ಲ ಅನ್ನುವವರಿಲ್ಲ. ಪ್ರೊಫೆಸರಮ್ಮನ ನಾಲಿಗೆಯ ತುದಿಗೆ ಬಂದಿತ್ತು ಸಹ.

"ನಾನು," ಅಂದಳು.

"ಹೂಂ." ಗೆರೆಯಕ್ಕನ ಗಲ್ಲ ಬಿಗಿಯಿತು. "ಈಗ ಏನು ಬರೆದಿದೀಯ? ಏನಾದ್ರೂ ಬರೆಯದೆ ನೀನು ಬರೋಳಲ್ಲ. ಓದು."

ಪ್ರೊಫೆಸರಮ್ಮ ಕರಡು ತೆಗೆದಳು. ಅಕ್ಷರಗಳು ಕಣ್ಣ ಮುಂದೆ ಕಲಸಿಕೊಂಡವು. "'ಮೂಲ ತಂತ್ರಾಂಶದಲ್ಲಿ ಅರ್ಧ ಚುಕ್ಕಿಯಷ್ಟು ತಾಂತ್ರಿಕ ವ್ಯತ್ಯಾಸವೊಂದು ಇತ್ತೀಚೆಗೆ ಕಂಡುಬಂದಿದ್ದು, ಎರಡನೇ ಗೆರೆಗಾರ್ತಿಯ ಗೆರೆಗಳ ಕುರಿತ ಹಿಂದಿನ ಟಿಪ್ಪಣಿಯನ್ನು...'"

"ಕಂಡುಬಂತಾ? ದಾರೀಲಿ ಬಿದ್ದಿತ್ತಾ ಅದು?" ಗೆರೆಯಕ್ಕನ ಧ್ವನಿ ಏರಿತು. ಆ ನೆಲಮಾಳಿಗೆಯಲ್ಲಿ ಒಂದು ದಿನವೂ ಏರದ ಧ್ವನಿ. "ಮಾಡಿದೋರಿಲ್ವಾ ಅದನ್ನ? ನನ್ನ ಕಣ್ಣು ಹೋಗಿದೆ ಅಂತ ಬರೆಯೋವಾಗ 'ಎರಡನೇ ಗೆರೆಗಾರ್ತಿ' ಅಂತ ಬೆರಳಿಟ್ಟು ತೋರಿಸೋಕೆ ಬಂತು. ನಿನ್ನ ಸರದಿ ಬಂದಾಗ ಅಡ್ಡಗೋಡೆ ಮೇಲೆ ದೀಪ ಇಡ್ತೀಯಾ? ಹೊಡೆದು ಹಾಕು ಅದನ್ನ. ಬೇರೆ ಬರೀ. ಇಲ್ಲೇ ಕೂತು ಬರೀ."

ಪ್ರೊಫೆಸರಮ್ಮ ಕಾಗದ ತಿರುಗಿಸಿ, ಹಿಂಬದಿಯಲ್ಲಿ, ಮೊಣಕಾಲ ಮೇಲಿಟ್ಟುಕೊಂಡು ಬರೆದಳು. ನೂರಾರು ಪ್ರಬಂಧ ಬರೆದ ಕೈಗೆ ಆ ನಾಲ್ಕು ಸಾಲು ಬರೆಯಲು ಇಪ್ಪತ್ತು ನಿಮಿಷ ಹಿಡಿಯಿತು. ತಂಗಿಯ ಮಗಳು ಗೋಡೆಗೊರಗಿ ನಿಂತು ನೋಡುತ್ತಿದ್ದಳು.

"ಓದು," ಅಂದಳು ಗೆರೆಯಕ್ಕ.

"'ಈ ಪ್ರೋಗ್ರಾಂ ಬರೆದವಳು ನಾನು. ಉಳಿಸಿದಾಗಲೆಲ್ಲ ಗೆರೆ ಅರ್ಧ ಚುಕ್ಕಿ ಸರಿಯುತ್ತಿದ್ದದ್ದು ನಾನು ಮಾಡಿದ ತಪ್ಪಿನಿಂದ. ಎರಡನೇ ಗೆರೆಗಾರ್ತಿ ಅದನ್ನು ಆಗಲೇ ಕಂಡು ನನಗೆ ಹೇಳಿದ್ದರು, ನಾನು ಕೇಳಲಿಲ್ಲ, ನಕ್ಕೆ. ಮೂವರಲ್ಲಿ ಅವರ ಗೆರೆಯೇ ಅತ್ಯಂತ ನಿಖರವಾದದ್ದು. ಅವರ ದೃಷ್ಟಿ ಕುಂದಿರಲಿಲ್ಲ.'"

ಗೆರೆಯಕ್ಕನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲಿಲ್ಲ.

"ಹೀಗೇ ಅಚ್ಚಾಗತ್ತಾ? ಯಾರೂ ತಿದ್ದಲ್ವಾ?"

"ಒಂದಕ್ಷರ ತಿದ್ದೋಕೆ ಬಿಡಲ್ಲ ಅಕ್ಕ."

"ಸರಿ. ಈಗ ಹೋಗು."

ಪ್ರೊಫೆಸರಮ್ಮ ಎದ್ದಳು. ಕಾಲು ಮುಟ್ಟಬೇಕೋ, ಕೈ ಹಿಡಿಯಬೇಕೋ ತಿಳಿಯದೆ ಬ್ಯಾಗಿನ ಪಟ್ಟಿ ಹಿಡಿದು ನಿಂತಳು. "ನಾಳೆ ಬರ್ಲಾ?"

"ನಾಳೆ ಬೇಡ. ನಿನ್ನ ಧ್ವನಿ ಕೇಳಿದ್ರೆ ಇನ್ನೂ ಸ್ವಲ್ಪ ದಿನ ನಂಗೆ ಸಿಟ್ಟು ಬರತ್ತೆ." ಗೆರೆಯಕ್ಕ ಕಿಟಕಿಯ ಬೆಳಕಿನ ಕಡೆ ಮುಖ ತಿರುಗಿಸಿದಳು. "ಅಚ್ಚಾದ ಮೇಲೆ ಬಾ. ಕಾಗದ ತಗೊಂಡು ಬಾ. ಓದೋಕಾಗಲ್ಲ, ಗೊತ್ತು ನಂಗೆ. ಆ ಸಾಲು ಎಲ್ಲಿದೆ ಅಂತ ನನ್ನ ಬೆರಳು ಹಿಡಿದು ಅದರ ಮೇಲೆ ಇಡು."